ಹಾಡಿನ ಹುಚ್ಚು ಇದ್ದವರಿಗೆ ಲೈಬ್ರರಿಯಲ್ಲಿ ಏನು ಕೆಲಸ?

ಪ್ರಶ್ನೆ: ಚಿಕ್ಕಂದಿನಿಂದ ಪಿಟೀಲು ಕಲಿತಿದ್ದೇನೆ. ಪರವಾಗಿಲ್ಲ ಎನ್ನುವಷ್ಟು ನುಡಿಸುತ್ತೇನೆ. ಆದರೆ ವೇದಿಕೆಗೆ ಅದು ಸಾಲದು ಎಂದು ನನಗೇ ಗೊತ್ತು. ಸಂಗೀತ ಬಿಟ್ಟು ಬೇರೆ ಕೆಲಸ ಮಾಡಲು ಮನಸ್ಸಿಲ್ಲ. ನೀವು ಸಂಗೀತದ ಹುಚ್ಚಿನಿಂದಲೇ ಗ್ರಂಥಾಲಯದ ಕೆಲಸಕ್ಕೆ ಬಂದವರು ಎಂದು ಕೇಳಿದ್ದೇನೆ. ಅದು ಹೇಗಾಯಿತು? ಲೈಬ್ರರಿಯಲ್ಲಿ ಸಂಗೀತ ಬಲ್ಲವರಿಗೆ ನಿಜಕ್ಕೂ ಏನು ಕೆಲಸ ಇರುತ್ತದೆ? ಎಲ್ಲ ಹಾಡೂ ಫೋನಿನಲ್ಲೇ ಸಿಗುವಾಗ ಈ ಕೆಲಸ ಉಳಿಯುತ್ತದೆಯೇ?

ಉತ್ತರ: ಮೊದಲು ನಾನೇ ನಿಮಗೊಂದು ಪ್ರಶ್ನೆ ಹಾಕುತ್ತೇನೆ. ಒಂದು ಹಾಡು ನಿಮಗೆ ತುಂಬಾ ಹಿಡಿಸಿತು ಅಂದುಕೊಳ್ಳಿ. ಅದು ಮುಗಿದ ತಕ್ಷಣ ನೀವು ಏನು ಮಾಡುತ್ತೀರಿ? ಕೆಲವರು ಅದನ್ನೇ ಇನ್ನೊಮ್ಮೆ ಹಾಕುತ್ತಾರೆ. ಕೆಲವರು ಪಿಟೀಲು ಎತ್ತಿಕೊಂಡು ನುಡಿಸಲು ನೋಡುತ್ತಾರೆ. ಇನ್ನು ಕೆಲವರಿಗೆ ಬೇರೆಯೇ ಕಾಟ. ಪಕ್ಕವಾದ್ಯಕ್ಕೆ ಯಾರಿದ್ದರು? ಇದು ಯಾವ ವರ್ಷದ ಧ್ವನಿಮುದ್ರಣ? ಇದನ್ನೇ ಬೇರೆ ಕಡೆ ಕೇಳಿದ್ದೆನಲ್ಲ, ಅಲ್ಲಿ ಇನ್ನೊಂದು ಚರಣ ಇತ್ತು ಅಲ್ವಾ? ಇದು ಗೊತ್ತಾಗುವ ತನಕ ಅವರಿಗೆ ಸಮಾಧಾನ ಇರುವುದಿಲ್ಲ.

ನೀವು ಈ ಮೂರನೆಯವರ ಪೈಕಿಯಾದರೆ ಲೈಬ್ರರಿ ನಿಮಗೆ ಒಗ್ಗುತ್ತದೆ. ಅಲ್ಲವಾದರೆ ಸ್ವಲ್ಪ ಯೋಚಿಸಿ. ‘ಸಂಗೀತ ಅಂದರೆ ಪ್ರಾಣ’ ಎಂದು ಬಂದು, ವರ್ಷ ತುಂಬುವುದರೊಳಗೆ ಬೇಸತ್ತು ಹೊರಟವರನ್ನು ನೋಡಿದ್ದೇನೆ. ಅವರ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಈ ಕೆಲಸಕ್ಕೆ ಬೇಕಾದದ್ದು ‘ಇದು ಯಾವುದು?’ ಎಂದು ಕೇಳುತ್ತಲೇ ಇರುವ ಬುದ್ಧಿ.

ನನ್ನದು ದೊಡ್ಡ ಕಥೆಯೇನಲ್ಲ. ನಾನೂ ಕಲಿತೆ, ನನ್ನ ಬೆರಳೂ ಸಾಧಾರಣದ್ದೇ. ಜೊತೆಯವರು ಆಲಾಪನೆಯ ಬಗ್ಗೆ ಮಾತಾಡುತ್ತಿದ್ದರೆ ನಾನು ರೆಕಾರ್ಡಿನ ಕವರಿನ ಹಿಂಬದಿ ಓದುತ್ತಿದ್ದೆ. ನೊಟೇಷನ್ ಪುಸ್ತಕಗಳಿಗಾಗಿ ಒಂದು ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿ ಯಾರೋ ದಾನ ಕೊಟ್ಟ ಸಂಗೀತದ ಹಾಳೆಗಳ ರಾಶಿ ಹಾಗೇ ಬಿದ್ದಿತ್ತು. ಅಲ್ಲಿನ ಸಿಬ್ಬಂದಿಗೆ ಪುಸ್ತಕ ಗೊತ್ತಿತ್ತು, ನೊಟೇಷನ್ ಗೊತ್ತಿರಲಿಲ್ಲ. ನನಗೆ ನೊಟೇಷನ್ ಗೊತ್ತಿತ್ತು, ಲೈಬ್ರರಿಯ ಕೆಲಸ ಗೊತ್ತಿರಲಿಲ್ಲ. ಇದನ್ನು ಬೇರೆ ಬೇರೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಕೂತೆ. ಆ ರಾಶಿ ಕರಗುವ ಹೊತ್ತಿಗೆ ಗ್ರಂಥಾಲಯ ವಿಜ್ಞಾನದ ಕೋರ್ಸಿಗೆ ಅರ್ಜಿ ಹಾಕಿದ್ದೆ. ಈ ಕ್ಷೇತ್ರದ ಬಹಳಷ್ಟು ಜನ ಹೀಗೇ ಅಡ್ಡದಾರಿಯಿಂದ ಬಂದವರು.

ಹೀಗೆ ಬಂದವರಲ್ಲಿ ಹೆಸರುವಾಸಿಗಳೂ ಇದ್ದಾರೆ. ಫ್ರೆಂಚ್ ಸಂಯೋಜಕ ಎಕ್ತೋರ್ ಬರ್ಲಿಯೋಜ್ 1839ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಗ್ರಂಥಾಲಯದಲ್ಲಿ ಹುದ್ದೆ ಹಿಡಿದರು. 1869ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಎಷ್ಟು ಕೆಲಸ ಮಾಡಿದರು ಅನ್ನುವುದು ಬೇರೆ ಮಾತು! ಇಂಗ್ಲಿಷ್ ಕವಿ ಫಿಲಿಪ್ ಲಾರ್ಕಿನ್ 1955ರಿಂದ 1985ರಲ್ಲಿ ತೀರಿಕೊಳ್ಳುವ ತನಕ ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರು. ಜೊತೆಗೆ 1961ರಿಂದ 1971ರವರೆಗೆ ಪತ್ರಿಕೆಯೊಂದಕ್ಕೆ ಜಾಝ್ ರೆಕಾರ್ಡುಗಳ ವಿಮರ್ಶೆ ಬರೆದರು. ಆದರೆ ನನಗೆ ಹೆಚ್ಚು ಇಷ್ಟವಾಗುವವರು ಲುಡ್ವಿಗ್ ಫಾನ್ ಕೋಖೆಲ್. ಓದಿದ್ದು ಕಾನೂನು, ಹುಚ್ಚು ಗಿಡಗಳದ್ದು, ಕಲ್ಲುಗಳದ್ದು. ಗಿಡಗಳನ್ನು ವಿಂಗಡಿಸಿದ ಕಣ್ಣಿನಿಂದಲೇ ಮೊಟ್ಸಾರ್ಟ್‌ನ ರಚನೆಗಳನ್ನೂ ನೋಡಿ, ಯಾವುದು ಯಾವಾಗ ಹುಟ್ಟಿತು ಎಂದು ಲೆಕ್ಕ ಹಾಕಿ, 1862ರಲ್ಲಿ 626 ಸಂಖ್ಯೆಗಳ ಪಟ್ಟಿ ಪ್ರಕಟಿಸಿದರು. ಇವತ್ತಿಗೂ ಮೊಟ್ಸಾರ್ಟ್‌ನ ಯಾವ ಕೃತಿಯ ಹೆಸರಿನ ಪಕ್ಕದಲ್ಲೂ ಒಂದು ‘ಕೆ’ ಮತ್ತು ಒಂದು ಸಂಖ್ಯೆ ಕಾಣುತ್ತದಲ್ಲ, ಆ ‘ಕೆ’ ಇವರೇ. ಬಾಖ್‌ನ ಕೃತಿಗಳಿಗೆ ಬಿಡಬ್ಲ್ಯುವಿ (ಜರ್ಮನ್ ಭಾಷೆಯಲ್ಲಿ ‘ಬಾಖ್ ಕೃತಿಗಳ ಪಟ್ಟಿ’ ಎಂಬುದರ ಮೊದಲಕ್ಷರಗಳು) ಸಂಖ್ಯೆ ಕೊಟ್ಟು 1950ರಲ್ಲಿ ಪಟ್ಟಿ ತಂದ ವೋಲ್ಫ್‌ಗಾಂಗ್ ಶ್ಮೀಡರ್ ಅಂತೂ ವೃತ್ತಿಯಿಂದಲೇ ಸಂಗೀತ ಗ್ರಂಥಪಾಲಕ.

ಸಂಖ್ಯೆ ಕೊಡುವುದರಲ್ಲಿ ಏನಿದೆ ಮಹಾ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಮೊಟ್ಸಾರ್ಟ್‌ನ ಸಿಂಫನಿಗಳ, ಅಂದರೆ ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿಗಳ, ಸಾಲಿನಲ್ಲಿ 36 ಇದೆ, 38 ಇದೆ. 37 ಕೇಳಿದರೆ ಯಾವ ಆರ್ಕೆಸ್ಟ್ರಾವೂ ಅವನ ಹೆಸರಿನಲ್ಲಿ ನುಡಿಸುವುದಿಲ್ಲ. ಹಿಂದೆ ಒಂದು ಸಿಂಫನಿಗೆ ಆ ಸಂಖ್ಯೆ ಇತ್ತು. ಅದು ಮಿಖಾಯೆಲ್ ಹೈಡನ್ ಬರೆದದ್ದು ಎಂದು 1907ರಲ್ಲಿ ಗೊತ್ತಾಯಿತು. ಶುರುವಿನ ನಿಧಾನಗತಿಯ ಪೀಠಿಕೆ ಮಾತ್ರ ಮೊಟ್ಸಾರ್ಟ್‌ನದು. ಹಾಳೆಯ ಮೇಲೆ ಅವನದೇ ಕೈಬರಹ ಕಂಡು ಇಡೀ ಸಿಂಫನಿಯನ್ನು ಅವನ ಲೆಕ್ಕಕ್ಕೆ ಬರೆದಿದ್ದರು. ಈಗ ಲೈಬ್ರರಿಗೆ ಒಂದು ಹಳೆಯ ಮುದ್ರಿತ ಪ್ರತಿ ಬಂತು, ರಕ್ಷಾಪುಟದ ಮೇಲೆ ‘ಮೊಟ್ಸಾರ್ಟ್, ಸಿಂಫನಿ 37’ ಎಂದಿದೆ. ಅದನ್ನು ಯಾರ ಹೆಸರಿನಲ್ಲಿ ಇಡುತ್ತೀರಿ? ಮುದ್ರಿತ ಹೆಸರನ್ನು ಇದ್ದಂತೆಯೇ ದಾಖಲಿಸಬೇಕು. ಆದರೆ ಕೃತಿ ಹೈಡನ್ ಹೆಸರಿನಲ್ಲೂ ಸಿಗಬೇಕು. ಮೊಟ್ಸಾರ್ಟ್ ಎಂದು ಹುಡುಕಿಕೊಂಡು ಬಂದವರಿಗೆ ನಿಜ ಸಂಗತಿ ತಿಳಿಯಬೇಕು. ನಮ್ಮ ಕೆಲಸದ ದೊಡ್ಡ ಪಾಲು ಇಂಥದ್ದೇ.

ಸಂಖ್ಯೆಯನ್ನು ನಂಬಿದರೂ ಕಷ್ಟ. ಚೆಕ್ ಸಂಯೋಜಕ ದ್ವೊರಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿ ಈಗ ಒಂಬತ್ತನೆಯದು. ಬಹಳ ಕಾಲ ಅದು ಐದನೆಯದು ಎಂದೇ ಅಚ್ಚಾಗುತ್ತಿತ್ತು. ಏಕೆಂದರೆ ಅವನ ಮೊದಲ ಕೆಲವು ಸಿಂಫನಿಗಳು ಎಣಿಕೆಗೇ ಸೇರಿರಲಿಲ್ಲ. ಹಳೆಯ ರೆಕಾರ್ಡಿನ ಮೇಲೆ ಐದು, ಹೊಸ ಸಿಡಿಯ ಮೇಲೆ ಒಂಬತ್ತು, ಒಳಗಿರುವುದು ಒಂದೇ. ಹೆಸರಿನ ಪಾಡೂ ಅಷ್ಟೇ. ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾಗೆ ಆ ಹೆಸರು ಅವನು ಇಟ್ಟಿದ್ದಲ್ಲ. ರೆಲ್‌ಸ್ಟಾಬ್ ಎಂಬ ವಿಮರ್ಶಕರ ಮಾತಿನಿಂದ ಬಂದದ್ದು, ಅದೂ ಬೀಥೋವನ್ ತೀರಿಕೊಂಡ ಮೇಲೆ. ಅದೇ ಸೊನಾಟಾ ಫ್ರೆಂಚ್ ಮುದ್ರಣಗಳಲ್ಲಿ ‘ಕ್ಲೇರ್ ದ ಲ್ಯೂನ್’. ಹಾಗೆಂದು ಅದನ್ನೇ ಟೈಪ್ ಮಾಡಿ ಹುಡುಕಿದರೆ ಮೊದಲು ಬರುವುದು ಅದೇ ಹೆಸರಿನ, ದೆಬುಸಿ ಎಂಬ ಇನ್ನೊಬ್ಬ ಸಂಯೋಜಕನ ಪಿಯಾನೊ ಕೃತಿ. ಅದಕ್ಕೇ ಲೈಬ್ರರಿಗಳು ಒಂದು ಕೃತಿಗೆ ಒಂದೇ ಸ್ಥಿರವಾದ ಹೆಸರು ಗೊತ್ತು ಮಾಡಿಕೊಂಡಿರುತ್ತವೆ. ಯಾವ ಬಗೆಯ ರಚನೆ, ಯಾವ ವಾದ್ಯಕ್ಕೆ, ಎಷ್ಟನೆಯದು, ಓಪಸ್ ಸಂಖ್ಯೆ (ಪ್ರಕಟವಾದಾಗ ಕೃತಿಗೆ ಕೊಟ್ಟ ಸಂಖ್ಯೆ), ಶ್ರುತಿ, ಎಲ್ಲವೂ ಅದರಲ್ಲಿ ಬರುತ್ತದೆ. ಹೊರಗಿನ ರಟ್ಟಿನ ಮೇಲೆ ಏನೇ ಇರಲಿ, ಒಳಗೆ ಆ ಹೆಸರಿನಡಿಯಲ್ಲಿ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ.

ಇದು ಬರೀ ಪಾಶ್ಚಾತ್ಯ ಸಂಗೀತದ ಗೋಳು ಅಂದುಕೊಳ್ಳಬೇಡಿ. ಕರ್ನಾಟಕ ಸಂಗೀತದ ಹಿಂದೋಳ ಮತ್ತು ಹಿಂದೂಸ್ತಾನಿಯ ಹಿಂಡೋಲ್ ಹೆಸರಿನಲ್ಲಿ ಅಣ್ಣ ತಮ್ಮಂದಿರು, ಸ್ವರದಲ್ಲಿ ಅಪರಿಚಿತರು. ನಮ್ಮ ಹಿಂದೋಳಕ್ಕೆ ಹತ್ತಿರದ್ದು ಅಲ್ಲಿನ ಮಾಲ್‌ಕೌಂಸ್. ಸಂಗೀತ ಗೊತ್ತಿಲ್ಲದವರು ರಾಗದ ಪಟ್ಟಿ ಮಾಡಿದರೆ ಮೊದಲ ದಿನವೇ ಇವೆರಡನ್ನೂ ಒಂದೇ ಕಡೆ ಸೇರಿಸಿಬಿಡುತ್ತಾರೆ. ಕಂಪ್ಯೂಟರೂ ಹಾಗೇ ಮಾಡುತ್ತದೆ. ದಾಸರ ಪದಗಳಿಗೆ ಬನ್ನಿ. ಕೊನೆಯಲ್ಲಿ ‘ಪುರಂದರ ವಿಠಲ’ ಎಂದು ಬಂದರೆ ಪುರಂದರದಾಸರದ್ದು, ‘ಕಾಗಿನೆಲೆ ಆದಿಕೇಶವ’ ಎಂದರೆ ಕನಕದಾಸರದ್ದು. ಕ್ಯಾಟಲಾಗ್ ಮಾಡುವವರಿಗೆ ಅಂಕಿತ ಎಂಥ ಉಪಕಾರ! ಆದರೆ ಅದು ಸಾಹಿತ್ಯಕ್ಕೆ ಮಾತ್ರ. ಅವರ ಕಾಲದ ಧಾಟಿಗಳು ಬಹುಪಾಲು ಉಳಿದಿಲ್ಲ. ನಾವೀಗ ಕೇಳುವ ರಾಗ ಸಂಯೋಜನೆ ಹೆಚ್ಚಾಗಿ ನಂತರದವರದ್ದು. ಒಂದೇ ಪದವನ್ನು ಇಬ್ಬರು ಎರಡು ರಾಗದಲ್ಲಿ ಹಾಡಿರುತ್ತಾರೆ. ಹಾಗಾದರೆ ‘ಸಂಯೋಜಕ’ ಎಂಬ ಜಾಗದಲ್ಲಿ ಯಾರ ಹೆಸರು ಬರೆಯುವುದು? ಸಾಹಿತ್ಯ ಯಾರದ್ದು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಎಂದು ಬೇರೆ ಬೇರೆಯಾಗಿಯೇ ದಾಖಲಿಸಬೇಕು. ಸಿದ್ಧ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಜಗಳ ಆಡಿಯಾದರೂ ಜಾಗ ಮಾಡಿಸಿಕೊಳ್ಳಬೇಕು.

ಹೆಸರೇ ಇಲ್ಲದ ಹಸ್ತಪ್ರತಿ ಬಂದರೆ? ಇಲ್ಲಿ ನಿಮ್ಮ ಪಿಟೀಲು ಕಲಿಕೆ ನೇರ ಉಪಯೋಗಕ್ಕೆ ಬರುತ್ತದೆ. ರಿಸ್ಮ್ ಎಂಬ ಅಂತರರಾಷ್ಟ್ರೀಯ ಯೋಜನೆ 1952ರಲ್ಲಿ ಶುರುವಾಯಿತು. ಜಗತ್ತಿನ ಲೈಬ್ರರಿಗಳಲ್ಲಿರುವ ಹಳೆಯ ಸಂಗೀತ ಹಸ್ತಪ್ರತಿ ಮತ್ತು ಮುದ್ರಣಗಳನ್ನು ಪಟ್ಟಿ ಮಾಡುವುದು ಅದರ ಕೆಲಸ. ಈಗ ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ದಾಖಲೆಗಳಿವೆ. ಹಸ್ತಪ್ರತಿಗಳ ದಾಖಲೆಯಲ್ಲಿ ಶೀರ್ಷಿಕೆ ಮಾತ್ರವಲ್ಲ, ಶುರುವಿನ ಕೆಲವು ಸ್ವರಗಳನ್ನೂ ಸಾಧಾರಣ ಅಕ್ಷರ ಮತ್ತು ಅಂಕಿಗಳಲ್ಲಿ ಬರೆದಿಡುತ್ತಾರೆ. ನಿಮ್ಮ ಮುಂದಿರುವ ಅನಾಮಧೇಯ ಹಾಳೆಯ ಮೊದಲ ಸಾಲನ್ನು ಅದೇ ರೀತಿ ಬರೆದು ಹುಡುಕಿದರೆ ಇನ್ನೆಲ್ಲೋ ಹೆಸರು ಸಮೇತ ಕೂತಿರುವ ಅದರ ಜೋಡಿ ಸಿಗಬಹುದು. ಸಿಕ್ಕಾಗ ಆಗುವ ಖುಷಿ ಇದೆಯಲ್ಲ, ಈ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡದು ಬೇರೆ ಕಂಡಿಲ್ಲ.

ಇದರ ಇನ್ನೊಂದು ರೂಪ ಕೌಂಟರಿನಲ್ಲಿ ಎದುರಾಗುತ್ತದೆ. ಜನ ಬಂದು ಗುನುಗುತ್ತಾರೆ. ಕೆಲವರು ಶ್ರುತಿ ತಪ್ಪಿ ಗುನುಗುತ್ತಾರೆ. ‘ಇದು ಯಾವ ಹಾಡು?’ ಈಗ ಇದಕ್ಕೆ ಫೋನೇ ಸಾಕು ಅನ್ನುತ್ತೀರಿ, ಎಷ್ಟೋ ಸಲ ಸಾಕೂ ಹೌದು. ಆದರೆ ಇದರ ಹಿಂದಿನ ಯೋಚನೆ ಲೈಬ್ರರಿಯ ಕಪಾಟಿನಲ್ಲಿ ಎಂದಿನಿಂದಲೂ ಇತ್ತು. ಬಾರ್ಲೋ ಮತ್ತು ಮಾರ್ಗನ್‌ಸ್ಟರ್ನ್ 1948ರಲ್ಲಿ ಸುಮಾರು 10,000 ವಾದ್ಯಸಂಗೀತದ ಧಾಟಿಗಳ ನಿಘಂಟು ತಂದರು. ನೆನಪಿರುವ ಧಾಟಿಯನ್ನು ಸಿ ಶ್ರುತಿಗೆ ತಂದು, ಸ್ವರದ ಅಕ್ಷರಗಳನ್ನು ಬರೆದು, ಪದಕೋಶ ನೋಡುವ ಹಾಗೆ ನೋಡಬಹುದು. 1975ರಲ್ಲಿ ಡೆನಿಸ್ ಪಾರ್ಸನ್ಸ್ ಇದನ್ನು ಇನ್ನೂ ಸುಲಭ ಮಾಡಿದರು. ಸ್ವರ ಯಾವುದು ಅಂತಲೂ ಬೇಡ, ಹಿಂದಿನದಕ್ಕಿಂತ ಮೇಲೆ ಹೋಯಿತಾ, ಕೆಳಗೆ ಬಂತಾ, ಅಲ್ಲೇ ನಿಂತಿತಾ ಅಷ್ಟೇ ಸಾಕು. ‘ಟ್ವಿಂಕಲ್ ಟ್ವಿಂಕಲ್’ ತೆಗೆದುಕೊಳ್ಳಿ: ಸ ಸ ಪ ಪ ದ ದ ಪ. ಮೊದಲ ಸ ಆದಮೇಲೆ ಅಲ್ಲೇ, ಮೇಲೆ, ಅಲ್ಲೇ, ಮೇಲೆ, ಅಲ್ಲೇ, ಕೆಳಗೆ. ಮುಂದಿನ ಸಾಲನ್ನೂ ಸೇರಿಸಿದರೆ ಸಾಮಾನ್ಯವಾಗಿ ಉತ್ತರ ಸಿಕ್ಕಿಬಿಡುತ್ತದೆ. ಶ್ರುತಿ ತಪ್ಪಿದವರಿಗೂ ನಡೆಯುತ್ತದೆ.

ಸಿಕ್ಕ ಮೇಲೆ ಮತ್ತೆ ಅದೇ ಪ್ರಶ್ನೆ: ಇದು ಯಾವುದು? ಈ ಧಾಟಿ 18ನೇ ಶತಮಾನದ ಒಂದು ಫ್ರೆಂಚ್ ಹಾಡಿನದು. ಇಂಗ್ಲಿಷ್ ಶಿಶುಗೀತೆ ಆಮೇಲೆ ಅದಕ್ಕೆ ಕೂಡಿತು, ಎಬಿಸಿಡಿ ಹಾಡಿನದೂ ಇದೇ ಧಾಟಿ. ಮೊಟ್ಸಾರ್ಟ್ ಇದರ ಮೇಲೆ ಪಿಯಾನೊಗೆ ಹನ್ನೆರಡು ವೇರಿಯೇಷನ್‌ಗಳನ್ನು, ಅಂದರೆ ಅದೇ ಧಾಟಿಯ ಬೇರೆ ಬೇರೆ ರೂಪಗಳನ್ನು, ಬರೆದ, ಅಷ್ಟೇ. ‘ಧಾಟಿ ಮೊಟ್ಸಾರ್ಟ್‌ನದು’ ಎಂದು ನಂಬಿರುವವರು ಎಷ್ಟೋ ಮಂದಿ. ಕೌಂಟರಿಗೆ ಬಂದವರಿಗೆ ಬೇಕಾಗಿರುವುದು ಮಗುವಿಗೆ ಹಾಡೋ, ಪಿಯಾನೊ ಪರೀಕ್ಷೆಗೆ ನೊಟೇಷನ್ನೋ, ಪ್ರಬಂಧಕ್ಕೆ ಇತಿಹಾಸವೋ ಎಂದು ಕೇಳಿ ತಿಳಿಯಬೇಕು. ಜನ ಕೇಳುವುದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು. ಇದನ್ನು ಬೇಜಾರಿಲ್ಲದೆ ಬಿಡಿಸಲು ಬಾರದವರು ಒಳಗಿನ ಕೋಣೆಯ ಕೆಲಸ ಕೇಳಿಕೊಳ್ಳುವುದು ಒಳ್ಳೆಯದು.

ಒಳಗಿನ ಕೋಣೆ ಎಂದರೆ ಧ್ವನಿ ಸಂಗ್ರಹ. ನನಗಂತೂ ಇದೇ ಹೆಚ್ಚು ಇಷ್ಟ. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಾಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಹಾಡು ಮುಗಿಯುವಾಗ ಆಕೆ ‘ನನ್ನ ಹೆಸರು ಗೌಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಭಾಷೆ ಬಾರದು, ಲೇಬಲ್ ತಪ್ಪಬಾರದು, ಅದಕ್ಕೇ ಈ ಘೋಷಣೆ ಎಂದು ಹೇಳುತ್ತಾರೆ. ನೂರಕ್ಕೂ ಜಾಸ್ತಿ ವರ್ಷ ಆದಮೇಲೂ ಆ ಒಂದು ಸಾಲು ನಮ್ಮ ಕೆಲಸ ಉಳಿಸುತ್ತದೆ.

ಎಲ್ಲರೂ ಹೀಗೆ ಹೆಸರು ಹೇಳಿ ಹೋಗಿಲ್ಲವಲ್ಲ! ಆಗ ತಟ್ಟೆಯನ್ನೇ ಓದಬೇಕು. ಹಳೆಯ ಅರಗಿನ ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸಿ. ಗೀರುಗಳು ಮುಗಿದು ಕಾಗದದ ಲೇಬಲ್ ಶುರುವಾಗುವ ನಡುವೆ ನುಣುಪಾದ ಒಂದು ಪಟ್ಟಿ ಇರುತ್ತದೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಕೊರೆದ ಸಂಖ್ಯೆ ಕಾಣುತ್ತದೆ. ಅದು ಮಾತೃಕೆಯ, ಅಂದರೆ ತಟ್ಟೆ ಒತ್ತಿದ ಮೂಲ ಅಚ್ಚಿನ ಸಂಖ್ಯೆ. ಲೇಬಲ್ ಬದಲಾಗಬಹುದು, ಇನ್ನೊಂದು ಕಂಪನಿ ಇನ್ನೊಂದು ಹೆಸರಿನಲ್ಲಿ ಅದನ್ನೇ ಮಾರಿರಬಹುದು, ಹಾಡುಗಾರರ ಹೆಸರೇ ತಪ್ಪಾಗಿರಬಹುದು. ಕೊರೆದ ಸಂಖ್ಯೆ ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಅದರ ಜೊತೆ ಕೆಲವೊಮ್ಮೆ ಇದು ಎಷ್ಟನೆಯ ಸಲ ಹಾಡಿಸಿ ಮುದ್ರಿಸಿದ್ದು ಎಂಬುದೂ ಇರುತ್ತದೆ. ಒಂದೇ ಹಾಡು, ಒಂದೇ ಲೇಬಲ್, ಆದರೆ ಧ್ವನಿಮುದ್ರಣ ಬೇರೆ! ಕವರಿನ ಹಿಂಬದಿ ಓದುವ ಚಾಳಿ ಇದ್ದವರಿಗೆ ಇದು ಹಬ್ಬ.

ಆಮೇಲೆ ವೇಗ. 78 ಎಂದು ಹೆಸರಾದ ಹಳೆಯ ತಟ್ಟೆಗಳು ನಿಜಕ್ಕೂ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾಗಿರುತ್ತವೆ ಅಂತೇನಿಲ್ಲ. ಮೊದಲ ದಶಕಗಳಲ್ಲಿ ಎಪ್ಪತ್ತರ ಆಸುಪಾಸಿನವೂ ಇವೆ, ಎಂಬತ್ತು ದಾಟಿದವೂ ಇವೆ. ವೇಗ ನೂರಕ್ಕೆ ಆರರಷ್ಟು ಜಾಸ್ತಿಯಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಗಂಡಸಿನ ದನಿ ತೆಳುವಾಗುತ್ತದೆ, ಪಿಟೀಲು ಕೀರಲಾಗುತ್ತದೆ. ಸರಿಯಾದ ವೇಗ ಯಾವುದು ಎಂದು ಯಂತ್ರ ಹೇಳುವುದಿಲ್ಲ. ಹಾಡುಗಾರರ ಉಳಿದ ಮುದ್ರಣಗಳ ಶ್ರುತಿ, ವಾದ್ಯದ ಗುಣ, ದನಿಯ ಕಂಪನ ಎಲ್ಲ ಕೇಳಿ ನಿರ್ಧರಿಸಬೇಕು. ವರ್ಷಗಟ್ಟಲೆ ತಂತಿ ಶ್ರುತಿ ಮಾಡಿದ ಕಿವಿ ಇಲ್ಲಿ ಬೇಕು. ಗ್ರಂಥಾಲಯ ವಿಜ್ಞಾನದ ಪದವಿ ಅದನ್ನು ಕೊಡುವುದಿಲ್ಲ.

ಟೇಪಿನದು ಇನ್ನೊಂದು ಪಾಡು. 1970 ಮತ್ತು 80ರ ದಶಕದ ಕೆಲವು ಬಗೆಯ ಟೇಪುಗಳಲ್ಲಿ ಅಯಸ್ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಕಿರ್ರೆಂದು ಯಂತ್ರಕ್ಕೆ ಮೆತ್ತಿಕೊಂಡು ಧ್ವನಿಯೇ ಕಿತ್ತು ಬರುತ್ತದೆ. ಅದಕ್ಕೆ ಮೊದಲು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಹಾಗೆ ಒಣಗಿದ ಟೇಪು ಸ್ವಲ್ಪ ಕಾಲ ಮಾತ್ರ ಸರಿ ಇರುತ್ತದೆ, ಅಷ್ಟರಲ್ಲಿ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಎಲ್ಲ ಟೇಪಿಗೂ ಈ ಮದ್ದಲ್ಲ, ಬೇರೆ ಜಾತಿಯ ಟೇಪಿಗೆ ಇದೇ ವಿಷ. ಒಂದು ಗಂಟೆಯ ಟೇಪಿಗೆ ಕನಿಷ್ಠ ಒಂದು ಗಂಟೆ ಬೇಕೇ ಬೇಕು, ಓಡಿಸಿ ಮುಗಿಸುವ ಹಾಗಿಲ್ಲ. ಧ್ವನಿ ಸಂಗ್ರಹಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಶಿಫಾರಸು ಮಾಡುವ ಕನಿಷ್ಠ ಗುಣಮಟ್ಟ 48 ಕಿಲೋಹರ್ಟ್ಸ್ (ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವುದು), 24 ಬಿಟ್. ಸಂಗ್ರಹಗಳಲ್ಲಿ ಹೆಚ್ಚಾಗಿ ಬಳಸುವುದು 96 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಗಿಗಾಬೈಟ್. ಹಳೆಯ ಯಂತ್ರಗಳು, ಅವುಗಳ ಬಿಡಿಭಾಗಗಳು, ರಿಪೇರಿ ಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಯಾವುದನ್ನು ಮೊದಲು ಉಳಿಸುವುದು ಎಂಬ ತೀರ್ಮಾನವೇ ಎಲ್ಲಕ್ಕಿಂತ ಕಠಿಣ. ‘ನನಗೆ ಇಷ್ಟವಾದದ್ದು ಮೊದಲು’ ಎನ್ನುವ ಹಾಗಿಲ್ಲ. ಬೇರೆಲ್ಲೂ ಪ್ರತಿ ಇಲ್ಲದ್ದು ಮೊದಲು, ಅದು ಎಷ್ಟೇ ನೀರಸವಾಗಿರಲಿ.

ಲೈಬ್ರರಿ ಎಂದರೆ ಕಟ್ಟಡವೇ ಆಗಬೇಕಿಲ್ಲ. ಆರ್ಕೆಸ್ಟ್ರಾಗಳಿಗೂ ಗ್ರಂಥಪಾಲಕರು ಇರುತ್ತಾರೆ. ನೀವು ಪಿಟೀಲಿನವರಾದ್ದರಿಂದ ಇದನ್ನು ಹೇಳಲೇಬೇಕು. ದೊಡ್ಡ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲು 16, ಎರಡನೆಯದು 14, ವಿಯೋಲಾ 12, ಚೆಲ್ಲೊ 10, ಡಬಲ್ ಬಾಸ್ 8 ಇರುತ್ತವೆ ಅನ್ನಿ. ಇಬ್ಬರಿಗೆ ಒಂದು ಸ್ಟ್ಯಾಂಡು. ಅಲ್ಲಿಗೆ ತಂತಿವಾದ್ಯಗಳಿಗೇ 30 ಪ್ರತಿ. ಯಾವ ಸ್ವರಕ್ಕೆ ಕಮಾನು ಮೇಲೆ, ಯಾವುದಕ್ಕೆ ಕೆಳಗೆ ಎಂದು ಪ್ರತಿ ವಿಭಾಗದ ಮುಖ್ಯಸ್ಥರು ತಮ್ಮ ಪ್ರತಿಯಲ್ಲಿ ಗುರುತು ಹಾಕುತ್ತಾರೆ. ಅದನ್ನು ಉಳಿದ ಪ್ರತಿಗಳಿಗೆಲ್ಲ ಪೆನ್ಸಿಲಿನಲ್ಲಿ ಇಳಿಸುವುದು ಗ್ರಂಥಪಾಲಕರ ಕೆಲಸ. ಪೆನ್ನು ಮುಟ್ಟುವಂತಿಲ್ಲ, ಆರ್ಕೆಸ್ಟ್ರಾ ನಡೆಸಲು ಬರುವ ಮುಂದಿನ ಕಂಡಕ್ಟರ್ ಬಂದು ಎಲ್ಲ ಬದಲಿಸಬಹುದು. ಕಂಡಕ್ಟರ್ ಕೈಯಲ್ಲಿರುವ ಸ್ಕೋರ್ (ಎಲ್ಲ ವಾದ್ಯಗಳ ನೊಟೇಷನ್ ಒಟ್ಟಿಗಿರುವ ಪ್ರತಿ) ಒಂದು ಆವೃತ್ತಿ, ವಾದಕರ ಪ್ರತಿಗಳು ಇನ್ನೊಂದು ಆವೃತ್ತಿ ಆಗಿಬಿಟ್ಟರೆ ಮುಗಿಯಿತು. ತಾಲೀಮಿಗೆಂದು ಹಾಳೆಯಲ್ಲಿ ಅಚ್ಚಾದ ಗುರುತು ಹಿಡಿದು ‘ಜಿ ಅಕ್ಷರದಿಂದ ತೆಗೆದುಕೊಳ್ಳಿ’ ಎಂದಾಗ ಅರ್ಧ ಜನ ಒಂದು ಕಡೆ, ಇನ್ನರ್ಧ ಜನ ಇನ್ನೊಂದು ಕಡೆ. ಅದು ಸರಿಯಾಗುವ ತನಕ ಎಂಬತ್ತು ಜನ ಸುಮ್ನೆ ಕೂತಿರುತ್ತಾರೆ. ಒಳ್ಳೆಯ ಆರ್ಕೆಸ್ಟ್ರಾ ಗ್ರಂಥಪಾಲಕರು ಇದನ್ನು ತಾಲೀಮಿಗೆ ವಾರಗಳ ಮೊದಲೇ ಹಿಡಿದಿರುತ್ತಾರೆ. ಈ ಕೆಲಸದಲ್ಲಿರುವ ಅನೇಕರು ವಾದಕರಾಗಿ ತಯಾರಾದವರೇ.

ಇನ್ನು ಫೋನಿನ ಪ್ರಶ್ನೆ. ಸ್ಟ್ರೀಮಿಂಗ್ ಬಂದಮೇಲೆ ಸಿಡಿ ಎರವಲು ಒಯ್ಯುವವರು ಕಡಿಮೆಯಾದರು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಬರೀ ಸಿಡಿ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಭವಿಷ್ಯವಿಲ್ಲ. ಆದರೆ ಆ ಆ್ಯಪ್‌ಗಳಲ್ಲಿ ಪಕ್ಕವಾದ್ಯದವರ ಹೆಸರು ಹುಡುಕಿ ನೋಡಿ. ಒಂದು ಸಿಂಫನಿಯ ನಾಲ್ಕು ಭಾಗಗಳು ನಾಲ್ಕು ‘ಹಾಡು’ಗಳಾಗಿ ಚೆಲ್ಲಾಪಿಲ್ಲಿಯಾಗಿರುವುದನ್ನು ನೋಡಿ. ಪಾಪ್ ಹಾಡಿಗೆಂದು ಮಾಡಿದ ಪಟ್ಟಿಗೆ ಉಳಿದ ಸಂಗೀತವನ್ನೆಲ್ಲ ತುರುಕಿದರೆ ಹೀಗೇ ಆಗುವುದು. ಇವತ್ತು ಇರುವುದು ನಾಳೆ ಹಕ್ಕಿನ ತಕರಾರಿನಲ್ಲಿ ಮಾಯವಾಗುತ್ತದೆ. ಇನ್ನೂ ದೊಡ್ಡ ತಲೆನೋವು ಎಂದರೆ ಡಿಜಿಟಲ್ ರೂಪದಲ್ಲಿ ಮಾತ್ರ ಬರುವ ಆಲ್ಬಮ್‌ಗಳು. ‘ಸ್ವಂತ ಬಳಕೆಗೆ ಮಾತ್ರ’ ಎಂಬ ಷರತ್ತಿನ ಮೇಲೆ ಮಾರುವುದರಿಂದ ಎಷ್ಟೋ ಸಲ ಅವನ್ನು ಲೈಬ್ರರಿ ಕೊಂಡು ಇಟ್ಟುಕೊಳ್ಳುವ ದಾರಿಯೇ ಇರುವುದಿಲ್ಲ. ಸಂಗೀತದಲ್ಲಿ ಹಕ್ಕು ಎರಡು ಪದರ: ಕೃತಿಯದ್ದು ಬೇರೆ, ಧ್ವನಿಮುದ್ರಣದ್ದು ಬೇರೆ. ಅಮೆರಿಕದಲ್ಲಿ 1923ಕ್ಕೆ ಮೊದಲಿನ ಧ್ವನಿಮುದ್ರಣಗಳು ಎಲ್ಲರ ಸ್ವತ್ತಾದದ್ದು 2022ರ ಜನವರಿ 1ರಂದು! ಅದೇ ಕಾಲದ ಅಚ್ಚಾದ ನೊಟೇಷನ್ ಅಲ್ಲಿ ಅದಕ್ಕೆ ಬಹಳ ಮೊದಲೇ ಮುಕ್ತವಾಗಿತ್ತು. ಇದನ್ನೆಲ್ಲ ಬಿಡಿಸಿ ಹೇಳುವವರಿಗೆ ಬೇಡಿಕೆ ಇದೆ, ಮುಂದೆ ಜಾಸ್ತಿಯೇ ಆಗುತ್ತದೆ ಎಂಬುದು ನನ್ನ ಅಂದಾಜು. ಹುದ್ದೆಯ ಹೆಸರಿನಲ್ಲಿ ‘ಗ್ರಂಥಪಾಲಕ’ ಎಂಬ ಪದ ಇರಲಿಕ್ಕಿಲ್ಲ ಅಷ್ಟೇ. ಮೆಟಾಡೇಟಾ (ಕೃತಿಯ ವಿವರಗಳ ದಾಖಲೆ), ಆರ್ಕೈವ್ಸ್, ಹಕ್ಕುಗಳ ವಿಭಾಗ, ರೇಡಿಯೊ ಸಂಗ್ರಹ ಎಂದೆಲ್ಲ ಹುಡುಕಿ.

ಓದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗ್ರಂಥಾಲಯ ವಿಜ್ಞಾನದ ಪದವಿ ಬೇಕು, ತಪ್ಪಿಸುವ ಹಾಗಿಲ್ಲ. ಸಂಗೀತದ ಪದವಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೊಟೇಷನ್ ಸರಾಗವಾಗಿ ಓದಲು ಬರಲೇಬೇಕು. ಒಂದೆರಡು ಹೆಚ್ಚಿನ ಭಾಷೆ ತುಂಬಾ ಉಪಯೋಗ. ಪಾಶ್ಚಾತ್ಯ ಸಂಗೀತಕ್ಕೆ ಜರ್ಮನ್, ಇಟಾಲಿಯನ್. ಕರ್ನಾಟಕ ಸಂಗೀತಕ್ಕೆ ತೆಲುಗು, ಸಂಸ್ಕೃತ. ಮಾರ್ಕ್ ಎಂಬ ಕ್ಯಾಟಲಾಗ್ ಮಾದರಿಯಲ್ಲಿ ಸಂಗೀತಕ್ಕೆಂದೇ ಇರುವ ಜಾಗಗಳನ್ನು ಕಲಿತುಕೊಳ್ಳಿ: 028ರಲ್ಲಿ ರೆಕಾರ್ಡಿನ ಸಂಖ್ಯೆ, 382ರಲ್ಲಿ ವಾದ್ಯಗಳು, 511ರಲ್ಲಿ ಹಾಡಿದವರು, ನುಡಿಸಿದವರು. ಸಂಗೀತ ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಘ 1951ರಿಂದ ಇದೆ, ಅಮೆರಿಕದ ಸಂಘ 1931ರಿಂದ. ಹೊಸಬರ ಪ್ರಶ್ನೆಗಳಿಗೆ ಅಲ್ಲಿನವರು ಸಾಮಾನ್ಯವಾಗಿ ತಾಳ್ಮೆಯಿಂದಲೇ ಉತ್ತರ ಕೊಡುತ್ತಾರೆ. ಒಂದು ಮಾತು ನೆನಪಿರಲಿ. ಸಂಗೀತಕ್ಕೆ ಮಾತ್ರ ಮೀಸಲಾದ ಹುದ್ದೆಗಳು ಎಲ್ಲ ಕಡೆಯೂ ಕಡಿಮೆ. ಹೆಚ್ಚಿನವರು ಸಾಧಾರಣ ಲೈಬ್ರರಿಯಲ್ಲಿ ಸೇರಿ, ಅಲ್ಲಿ ಸಂಗೀತದ ಕಪಾಟನ್ನು ತಮ್ಮದಾಗಿಸಿಕೊಂಡು ಬೆಳೆದವರು.

ನೀವು ಕೇಳದೆ ಇದ್ದರೂ ಒಂದು ಸಂಗತಿ ಹೇಳಿಬಿಡುತ್ತೇನೆ. ದಿನವಿಡೀ ಹಾಡು ಕೇಳುವ ಕೆಲಸ ಇದಲ್ಲ. ದಿನದ ಬಹುಪಾಲು ಇಮೇಲ್, ಬಜೆಟ್, ಪೆಟ್ಟಿಗೆ, ಧೂಳು. ಟೇಪ್ ಡಿಜಿಟಲ್ ಮಾಡುವಾಗ ಕಿವಿಗೆ ಹೆಡ್‌ಫೋನ್ ಇರುತ್ತದೆ ನಿಜ. ಆದರೆ ಗಮನ ಇರುವುದು ಎಲ್ಲಿ ಕರಕರ ಇದೆ, ಎಲ್ಲಿ ಧ್ವನಿ ಕಡಿದಿದೆ ಎಂಬುದರ ಮೇಲೆ. ಎಂಥ ತೋಡಿ ರಾಗ ಬಂದರೂ ತಲೆದೂಗಲು ಪುರಸೊತ್ತಿಲ್ಲ. ಮನೆಗೆ ಬಂದು ಸಂಗೀತ ಕೇಳುವ ಮನಸ್ಸಾಗದ ದಿನಗಳೂ ಇರುತ್ತವೆ. ಆದ್ದರಿಂದ ನಿಮ್ಮ ಪಿಟೀಲನ್ನು ಬಿಡಬೇಡಿ. ಸಂಬಳದ ಸಂಗೀತ ಬೇರೆ, ನಿಮ್ಮದು ಬೇರೆ ಎಂದು ಇಟ್ಟುಕೊಂಡವರೇ ಇಲ್ಲಿ ಹೆಚ್ಚು ಕಾಲ ಖುಷಿಯಾಗಿದ್ದಾರೆ.

ಈಗಲೇ ಏನು ಮಾಡಬಹುದು? ಕೋರ್ಸಿಗೆ ಹಣ ಕಟ್ಟುವ ಮೊದಲು ನಿಮ್ಮಲ್ಲೇ ಇರುವ ಧ್ವನಿಮುದ್ರಣಗಳಲ್ಲಿ ಒಂದು ಇಪ್ಪತ್ತನ್ನು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಕೃತಿಯ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ಪಕ್ಕವಾದ್ಯ, ವರ್ಷ, ರೆಕಾರ್ಡಿನ ಸಂಖ್ಯೆ ಬರೆಯಿರಿ. ಯಾವುದನ್ನು ಎಲ್ಲಿಂದ ತಿಳಿದುಕೊಂಡಿರಿ ಎಂಬುದನ್ನೂ ಪಕ್ಕದಲ್ಲೇ ನಮೂದಿಸಿ. ಗೊತ್ತಾಗದ ಜಾಗವನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ಐದನೆಯದಕ್ಕೇ ಬೇಸರ ಬಂದರೆ ಒಳ್ಳೆಯದೇ ಆಯಿತು, ಕೋರ್ಸಿನ ಹಣ ಉಳಿಯಿತು. ಇಪ್ಪತ್ತೂ ಮುಗಿದು ಇನ್ನಷ್ಟು ಬೇಕು ಅನ್ನಿಸಿದರೆ ಹತ್ತಿರದ ಯಾವುದಾದರೂ ಸಂಗೀತ ಸಂಗ್ರಹಕ್ಕೆ ಹೋಗಿ, ಸಂಬಳವಿಲ್ಲದೆ ಸ್ವಲ್ಪ ದಿನ ಕೆಲಸ ಮಾಡಲು ಅವಕಾಶ ಕೇಳಿ. ಅರ್ಜಿಯಲ್ಲಿ ‘ಸಂಗೀತ ಎಂದರೆ ಪ್ರಾಣ’ ಎಂದು ಬರೆಯಬೇಡಿ, ಎಲ್ಲರೂ ಅದನ್ನೇ ಬರೆದಿರುತ್ತಾರೆ. ಆ ಇಪ್ಪತ್ತರ ಪಟ್ಟಿಯನ್ನು ಜೊತೆಗಿಡಿ, ಖಾಲಿ ಜಾಗಗಳ ಸಮೇತ.